ಮೈ ಇಳಿಸುವ ಸಾಧನೆ: ಕಲ್ಯಾಣದಿಂದ ಸೀವುಡ್ಸ್‌ವರೆಗೆ

ಮೈಯಲ್ಲಿ ಸೇರಿದ ಕೊಬ್ಬನ್ನು ಇಳಿಸಿಕೊಳ್ಳುವ ಚಿಂತೆಯು ಯಂತ್ರಯುಗದ ನಗರಜೀವನದೊಡನೆ ಹುಟ್ಟಿದುದೆಂಬ ಅಭಿಪ್ರಾಯವು ಸಾಮಾನ್ಯವಾಗಿ ಪ್ರಚಲಿತವಾಗಿದೆ. ಇದು ಅರ್ಧ ಮಾತ್ರ ನಿಜ. ಸ್ಥೌಲ್ಯವು ಬಹುಜನರ ವ್ಯಾಧಿಯಾದುದು ಇತ್ತೀಚಿನ ಮಾತು. ಆದರೆ ಅದನ್ನು ವ್ಯಾಧಿಯೆಂದು ಗುರುತಿಸಿ, ಅದರ ಕಾರಣಗಳನ್ನು ವಿಚಾರಿಸಿ, ನಿವಾರಣೋಪಾಯಗಳನ್ನು ಕ್ರಮವಾಗಿ ನಿರೂಪಿಸಿದುದು ಬಹು ಪ್ರಾಚೀನವಾದ ಸಂಗತಿ. ಆ ಉಪಾಯಗಳನ್ನು ಇಂದಿನವುಗಳ ಪಕ್ಕದಲ್ಲಿಟ್ಟು ನೋಡಿದರೆ ಉಪಾಯಗಳಲ್ಲಿ ಅಷ್ಟೇನೂ ಅಂತರ ಕಾಣುವುದಿಲ್ಲ. ಅಂತರ ಕಾಣುವುದು ಉದ್ದೇಶದಲ್ಲಿ. ಯಾರು, ಯಾರ ಸಂಗಡ, ಏನನ್ನು ಪಡೆಯಲೆಂದು ಮೈಯನ್ನು ದಂಡಿಸಿದರೆಂಬುದರಲ್ಲಿ. ಕನ್ನಡನಾಡಿನ ಚರಿತ್ರೆಯಲ್ಲಿ ಇದಕ್ಕೆ ದೊರೆಯುವ ಸಾಮಗ್ರಿ ಚದುರಿದಂತಿದ್ದರೂ ಅಲ್ಪವಲ್ಲ.

ಈ ವಿಚಾರವನ್ನು ಮುಂಬಯಿ ಕಡೆಯ ಕನ್ನಡಿಗರು ಕೈಗೆತ್ತಿಕೊಳ್ಳುವುದಕ್ಕೆ ಕಾರಣವಿದೆ. ನವಿಮುಂಬಯಿಯ ಹಾರ್ಬರ್ ರೈಲುಮಾರ್ಗದಲ್ಲಿರುವ ಸೀವುಡ್ಸ್-ದಾರಾವೆ ನಿಲ್ದಾಣದ ಸುತ್ತಣ ಬಡಾವಣೆಯಲ್ಲಿ ಬೆಳಗಿನ ಹೊತ್ತು ಪಾಮ್ ಬೀಚ್ ರಸ್ತೆಯ ಅಂಚಿಗೆ, ನೆರೂಳಿನ ಕೆರೆಯಂಚಿನ ಕಾಲುದಾರಿಗೆ, ನಡೆಯಲು ಬರುವವರ ಸಾಲಿನಲ್ಲಿ ಮರಾಠಿ, ಮಲಯಾಳ, ತಮಿಳುಗಳ ನಡುವೆ ಕನ್ನಡ, ತುಳು ಮಾತುಗಳೂ ಕೇಳಿಬರುತ್ತವೆ. ಈ ಊರು ಹೊಸದು. ಸಿಡ್ಕೊ ಸಂಸ್ಥೆಯು 1970ರಲ್ಲಿ ಸ್ಥಾಪಿತವಾಗಿ ಠಾಣೆ ಖಾಡಿಯ ಪೂರ್ವದಂಡೆಯಲ್ಲಿ ನಗರವನ್ನು ನಿರ್ಮಿಸುವುದಕ್ಕೆ ಮುಂಚೆ ಇಲ್ಲಿದ್ದುದು ದಾರಾವೆ, ಕರಾವೆ, ನೆರೂಳು ಎಂಬ ಆಗರಿ-ಕೋಳಿ ಜನರ ಹಳ್ಳಿಗಳು, ಭತ್ತದ ಗದ್ದೆಗಳು, ಉಪ್ಪಿನಾಗರಗಳು. ಆದರೆ ಕನ್ನಡನಾಡಿನೊಡನೆ ಈ ತೀರದ ನಂಟು ಹಳೆಯದು. ಸ್ಥಾನಕವೆಂದು ಕರೆಯಿಸಿಕೊಂಡಿದ್ದ ಠಾಣೆಯಿಂದ ಆಳಿದ ಶಿಲಾಹಾರರು ಮೊದಲು ರಾಷ್ಟ್ರಕೂಟರಿಗೂ ಅನಂತರ ಹಲವು ಕಾಲ ಕಲ್ಯಾಣದ ಚಾಲುಕ್ಯರಿಗೂ ಅಧೀನರಾಗಿದ್ದರು. ಇಲ್ಲಿ ಹೇಳುವ ಕಲ್ಯಾಣವು ಠಾಣೆ ಜಿಲ್ಲೆಯ ಕಲ್ಯಾಣವಲ್ಲ. ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣ. ಆ ಕಲ್ಯಾಣದ ಅರಮನೆಯಲ್ಲಿಯೇ ದೇಹಪೋಷಣೆ, ದೇಹಶ್ರಮ ಎರಡನ್ನೂ ಕುರಿತ ಒಂದು ಮಹಾಗ್ರಂಥವು ಸಿದ್ಧವಾಯಿತು. ಅದಕ್ಕೆ ಬರುವ ಮುನ್ನ ವೈದ್ಯಗ್ರಂಥಗಳ ಕಡೆಗೆ ಸ್ವಲ್ಪ ದೃಷ್ಟಿ ಹಾಯಿಸುವುದು ಅವಶ್ಯ.

ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ನಿಂದ್ಯವಾದ ಎಂಟು ಬಗೆಯ ಶರೀರಗಳನ್ನು ಹೆಸರಿಸಿ, ಅವುಗಳಲ್ಲಿ ಅತಿಸ್ಥೂಲ, ಅತಿಕೃಶ ಎಂಬ ಎರಡನ್ನು ವಿಶೇಷವಾಗಿ ಚರ್ಚಿಸುತ್ತದೆ. ಅತಿಯಾಗಿ ಉಣ್ಣುವುದು, ಸಿಹಿಯೂ ಜಿಡ್ಡೂ ಆದ ಆಹಾರ, ವ್ಯಾಯಾಮವಿಲ್ಲದಿರುವುದು, ಹಗಲುನಿದ್ದೆ, ಚಿಂತೆಯಿಲ್ಲದ ಸದಾಹರ್ಷ ಇವು ಸ್ಥೌಲ್ಯಕ್ಕೆ ಹೇಳಿದ ಕಾರಣಗಳು. ಇವುಗಳ ಜೊತೆಗೆ ಬೀಜಸ್ವಭಾವ, ಎಂದರೆ ತಾಯಿತಂದೆಗಳಿಂದ ಬಂದ ಗುಣ, ಎಂಬುದನ್ನೂ ಸೇರಿಸಿರುವುದು ಗಮನಾರ್ಹ. ಸ್ಥೂಲನನ್ನು ಕೇವಲ ಹೊಟ್ಟೆಬಾಕನೆಂದು ಜರಿದು ಕೈಬಿಡದೆ, ಅವನ ಇಚ್ಛೆಗೆ ಮೀರಿದ ಕಾರಣವೊಂದು ಉಂಟೆಂದು ಆ ವೈದ್ಯರು ಒಪ್ಪಿಕೊಂಡಿದ್ದರು. ಕೃಶನಿಗಿಂತ ಸ್ಥೂಲನಿಗೆ ಚಿಕಿತ್ಸೆ ಕಷ್ಟವೆಂದೂ ಅಲ್ಲಿ ಹೇಳಿದೆ: ಅನ್ನ ಕೊಟ್ಟರೆ ಮೇದಸ್ಸು ಬೆಳೆಯುತ್ತದೆ, ಕೊಡದಿದ್ದರೆ ಈಗಾಗಲೇ ಉರಿಯುತ್ತಿರುವ ಜಠರಾಗ್ನಿ ಕೆರಳುತ್ತದೆ. ಉಪವಾಸ ಹಿಡಿದು ಮೂರನೆಯ ದಿನ ಎರಡರಷ್ಟು ಉಂಡ ಯಾರಿಗೂ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಬಿಕ್ಕಟ್ಟಿಗೆ ಅವರು ಕಂಡುಕೊಂಡ ದಾರಿಯೆಂದರೆ ಗುರುವಾಗಿದ್ದೂ ಪೋಷಕವಲ್ಲದ ಆಹಾರ. ಹೊಟ್ಟೆ ತುಂಬಬೇಕು, ಮೈ ತುಂಬಬಾರದು. ಜವೆಗೋಧಿ, ಹೆಸರು, ಹುರುಳಿ, ಸಾಮೆಯಂಥ ಕಿರುಧಾನ್ಯಗಳು, ಜೇನು ಬೆರಸಿದ ನೀರು, ತ್ರಿಫಲೆ ಮೊದಲಾದುವು ಆ ಪಟ್ಟಿಯಲ್ಲಿವೆ. ಬಯಲುಸೀಮೆಯ ಬಡವನ ಹೊಲದಲ್ಲಿ ಬೆಳೆಯುವ ಹುರುಳಿ, ಸಾಮೆಗಳು ಸಿರಿವಂತನ ರೋಗಕ್ಕೆ ಪಥ್ಯವಾಗಿ ಬಂದಿರುವುದು ಸ್ವಾರಸ್ಯವಾಗಿದೆ. ವ್ಯಾಯಾಮ, ಜಾಗರಣೆ, ಚಿಂತನೆ ಇವನ್ನು ಹೆಚ್ಚಿಸಬೇಕೆಂದು ಹೇಳುವಾಗ ಕ್ರಮಕ್ರಮವಾಗಿ ಹೆಚ್ಚಿಸಬೇಕೆಂಬ ಎಚ್ಚರವನ್ನು ಅಲ್ಲಿ ಕೊಟ್ಟಿದೆ. ಇಡೀ ಅಧ್ಯಾಯದ ತಿರುಳು ಅದೇ ಎನ್ನಬೇಕು. ಜಾಗರಣೆಯ ಮಾತನ್ನು ಮಾತ್ರ ಇಂದು ಒಪ್ಪಲಾಗದು. ನಿದ್ದೆ ಕಡಿಮೆಯಾದರೆ ಹಸಿವು ಹೆಚ್ಚಿ ಮೈ ಬೆಳೆಯುವುದೆಂದು ಈಚಿನ ಸಂಶೋಧನೆಗಳು ತೋರಿಸಿವೆ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (1126-1138) ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವು ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳ ಗ್ರಂಥ. ಅದರ ಮೂರನೆಯ ವಿಂಶತಿಯಲ್ಲಿ ಬರುವ ಅನ್ನಭೋಗವೆಂಬ ಭಾಗವು ಇಡ್ಡರಿಕೆ, ವಟಕ, ದೋಸಕ ಮುಂತಾದ ಭಕ್ಷ್ಯಗಳ ವಿವರಣೆಯಿಂದ ಪ್ರಖ್ಯಾತವಾಗಿದೆ. ಇಡ್ಲಿ ದೋಸೆಗಳ ಪೂರ್ವಚರಿತ್ರೆಯನ್ನು ಬರೆಯುವವರೆಲ್ಲರೂ ಅದನ್ನು ಉದಾಹರಿಸುತ್ತಾರೆ. ಅದೇ ಗ್ರಂಥದ ನಾಲ್ಕನೆಯ ವಿಂಶತಿಯ ಮಲ್ಲವಿನೋದವನ್ನು ಉದಾಹರಿಸುವವರು ವಿರಳ. ಒಬ್ಬನೇ ಅರಸನು ಒಂದೇ ಗ್ರಂಥದಲ್ಲಿ ಉಣಿಸುವುದನ್ನೂ ದಣಿಸುವುದನ್ನೂ ಶಾಸ್ತ್ರವಾಗಿ ನಿರೂಪಿಸಿರುವಾಗ ಒಂದನ್ನು ಮಾತ್ರ ಓದುವುದು ಸರಿಯಲ್ಲ.

ಮಲ್ಲವಿನೋದದಲ್ಲಿ ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲಗಳ ಮೇರೆಗೆ ವರ್ಗೀಕರಿಸಿ, ಅವರ ನಿತ್ಯಸಾಧನೆಯನ್ನು ಹೇಳಿದೆ. ಭಾರವನ್ನು ಹೊರುವ ಭಾರಶ್ರಮ, ನಡೆಯುವ ಓಡುವ ಭ್ರಮಣಶ್ರಮ, ಈಜಿನ ಸಲಿಲಶ್ರಮ, ತೋಳುಗಳ ಸಾಧನೆ, ಕಂಬವನ್ನು ಹಿಡಿದು ಮಾಡುವ ಸ್ತಂಭಶ್ರಮ ಎಂದು ಅದರ ಬಗೆಗಳು. ಈಗಿನ ಯಾವುದೇ ವ್ಯಾಯಾಮಶಾಲೆಯ ಪಟ್ಟಿಯು ಇದಕ್ಕಿಂತ ಹೆಚ್ಚೇನನ್ನೂ ಒಳಗೊಂಡಿಲ್ಲ. ಯಂತ್ರಗಳು ಬಂದಿವೆ, ಅಷ್ಟೆ. ಆದರೆ ಈ ಜಟ್ಟಿಗಳಿಗೆ ಅರಮನೆಯಿಂದ ಮಾಂಸ, ಹಾಲು, ಮೊಸರು, ತುಪ್ಪ ಧಾರಾಳವಾಗಿ ಸಲ್ಲುತ್ತಿದ್ದುವೆಂಬುದನ್ನು ಮರೆಯಲಾಗದು. ಮೈಯನ್ನು ಸಣ್ಣಗೆ ಮಾಡುವುದು ಅವರ ಗುರಿಯಾಗಿರಲಿಲ್ಲ. ತೂಕವಿರಬೇಕು, ಅದು ಕೆಲಸಕ್ಕೆ ಬರಬೇಕು, ಅಂಕಣದಲ್ಲಿ ಉಸಿರು ಕಟ್ಟಬಾರದು. ಅರಸನೂ ಊರೂ ನೋಡುತ್ತಿರುವಾಗ ಕಾದಬೇಕಾದವನಿಗೆ ನಾಳೆ ಸಾಧನೆ ಮಾಡಿದರಾಯಿತೆಂಬ ಆಲಸ್ಯಕ್ಕೆ ಎಡೆಯಿರುವುದಿಲ್ಲ. ಉತ್ತೇಜನವು ಹೊರಗಿನಿಂದ, ನಿತ್ಯವೂ, ತಪ್ಪಿಸಿಕೊಳ್ಳಲಾಗದಂತೆ ಬರುತ್ತಿತ್ತು.

ಇದಕ್ಕೆ ಬೇರೆಯಾದ ಇನ್ನೊಂದು ಪರಂಪರೆ ಯೋಗಿಗಳದು. ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆಯು ಮೈಯ ಕೃಶತೆಯನ್ನು ಸಿದ್ಧಿಯ ಚಿಹ್ನೆಗಳಲ್ಲಿ ಒಂದಾಗಿ ಎಣಿಸುತ್ತದೆ. ಧೌತಿ, ನೌಲಿ ಮೊದಲಾದ ಷಟ್ಕರ್ಮಗಳು ಮೇದಸ್ಸೂ ಕಫವೂ ಹೆಚ್ಚಾಗಿರುವವರಿಗೆ ಮಾತ್ರ ಮೊದಲಿಗೆ ಬೇಕಾದುವು, ಉಳಿದವರಿಗೆ ಬೇಡ, ಎಂಬ ವಿವೇಕವೂ ಅಲ್ಲಿದೆ. ಶ್ರವಣಬೆಳಗೊಳದ ಶಾಸನಗಳಲ್ಲಿ ಬರುವ ಸಲ್ಲೇಖನವು ಶಬ್ದಾರ್ಥದಿಂದ ತೆಳುವಾಗಿಸುವುದೇ ಆದರೂ, ಆಯುಷ್ಯದ ಕೊನೆಯಲ್ಲಿ ಕಾಯ ಕಷಾಯಗಳೆರಡನ್ನೂ ಸವೆಸುವ ಆ ವ್ರತವನ್ನು ದೇಹಾರೋಗ್ಯದ ಉಪವಾಸದೊಡನೆ ಬೆರಸುವುದು ಉಚಿತವಲ್ಲ.

ಸಾಮಾನ್ಯ ಜನರ ಮಾತೇನು? ಅವರಿಗೆ ಮೈ ಇಳಿಸುವ ಪ್ರಸಂಗವೇ ಬಂದಂತಿಲ್ಲ. ಕನ್ನಡದಲ್ಲಿ ಮೈಕೈ ತುಂಬಿಕೊಂಡಿದ್ದಾನೆ ಎಂಬುದು ಹೊಗಳಿಕೆ. ಸೊರಗಿದ್ದಾನೆ, ಇಳಿದುಹೋಗಿದ್ದಾನೆ ಎಂಬುದು ಮರುಕದ ಮಾತು. 16ನೆಯ ಶತಮಾನದ ಆದಿಭಾಗದ ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಬರೆದು ಭಕ್ಷ್ಯಗಳನ್ನು ವರ್ಣಿಸಿದನು. ಕೊಬ್ಬಿಳಿಸುವ ಶಾಸ್ತ್ರವೊಂದನ್ನು ಕನ್ನಡದಲ್ಲಿ ಬರೆಯುವಷ್ಟು ಅಗತ್ಯ ಕಂಡಿರಲಾರದು. ಧಾತು, ಈಶ್ವರ ಸಂವತ್ಸರಗಳ (1876-78) ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಐವತ್ತು ಲಕ್ಷ ಜನರಲ್ಲಿ ಸುಮಾರು ಹತ್ತು ಲಕ್ಷ ಮಂದಿ ಇಲ್ಲವಾದರು. ಅಂಥ ನೆನಪನ್ನು ಹೊತ್ತ ಮನೆಗಳಲ್ಲಿ ಮಗುವಿಗೆ ಇನ್ನೊಂದು ತುತ್ತು ತಿನ್ನಿಸುವುದೇ ಧರ್ಮವಾಗಿದ್ದುದು ಆಶ್ಚರ್ಯವಲ್ಲ. ಆ ಅಭ್ಯಾಸವು ಬರ ಹೋದ ಮೇಲೂ ಉಳಿದುದು ಮುಂದಿನ ಕಥೆಗೆ ಸಂಬಂಧಿಸಿದೆ.

ಹೊಸ ಯುಗದ ಮಾರ್ಪಾಟು ಮೈಸೂರು ಬೆಂಗಳೂರುಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮೈಸೂರಿನ ಜಟ್ಟಿಗಳ ವಜ್ರಮುಷ್ಟಿಯೂ ಗರಡಿಯ ಸಾಮೂ ಅರಮನೆಯ ಆಶ್ರಯದಲ್ಲಿ ನಡೆದುಬಂದಿದ್ದುವು. 1896ರಲ್ಲಿ ಭಾರದ್ವಾಜರ ವ್ಯಾಯಾಮದೀಪಿಕೆ ಹೊರಬಂದು, ಗರಡಿಯ ದಂಡೆ ಬಸ್ಕಿಗಳು ಶಾಲೆಯ ಹುಡುಗರಿಗೆ ಕಲಿಸುವ ಪಾಠಗಳಾದುವು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಪೋಷಣೆಯಲ್ಲಿ ತಿರುಮಲೆ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸತೊಡಗಿದರು. 1934ರಲ್ಲಿ ಅವರ ಯೋಗಮಕರಂದವು ಕನ್ನಡದಲ್ಲಿಯೇ ಪ್ರಕಟವಾಯಿತು. ಇಂದು ಲೋಕದ ಎಲ್ಲ ದೊಡ್ಡ ನಗರಗಳಲ್ಲಿ ಮೈ ಬೆವರುವಂತೆ ಮಾಡುವ ಆಸನಸರಣಿಗಳ ಮೂಲವು ಬಹುಪಾಲು ಈ ಶಾಲೆಯದು.

ಆದರೆ ಸಾಮಾನ್ಯ ಗುಮಾಸ್ತನ ಹೊಟ್ಟೆಯ ಮಾತನ್ನು ನೇರವಾಗಿ ಎತ್ತಿಕೊಂಡವರು ಬೆಂಗಳೂರಿನ ಕೆ. ವಿ. ಅಯ್ಯರ್ (1897-1980). ಇಂದು ಅವರನ್ನು ಶಾಂತಲಾ, ರೂಪದರ್ಶಿ ಕಾದಂಬರಿಗಳ ಕರ್ತೃವೆಂದು ಹೆಚ್ಚಾಗಿ ನೆನೆಯುತ್ತಾರೆ. ಕೈಲಾಸಂ ಅವರ ಗೆಳೆಯರೆಂದೂ ನೆನೆಯುವುದುಂಟು. ಅವರ ಜೀವನದ ಮುಖ್ಯ ಕಾರ್ಯವು ಹರ್ಕ್ಯುಲಿಸ್ ವ್ಯಾಯಾಮಶಾಲೆ. 1930ರಲ್ಲಿ ಮಸಲ್ ಕಲ್ಟ್, 1936ರಲ್ಲಿ ಪರ್ಫೆಕ್ಟ್ ಫಿಸೀಕ್ ಎಂಬ ಪುಸ್ತಕಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ ಅಯ್ಯರ್, ಪಾಶ್ಚಾತ್ಯರ ಡಂಬೆಲ್ಲು ಬಾರ್ಬೆಲ್ಲುಗಳನ್ನೂ ನಮ್ಮ ಆಸನ ಸೂರ್ಯನಮಸ್ಕಾರಗಳನ್ನೂ ಒಟ್ಟುಗೂಡಿಸಿದರು. ಕೊಬ್ಬು ಕರಗಿ ಸ್ನಾಯು ಕಾಣಿಸುವ ಮೈಯನ್ನು ತಮ್ಮದೇ ಛಾಯಾಚಿತ್ರಗಳಿಂದ ತೋರಿಸಿಕೊಟ್ಟರು. ಆ ಛಾಯಾಚಿತ್ರಗಳು ಗುರಿಯನ್ನೇ ಬದಲಿಸಿದುವು. ಜಟ್ಟಿಯ ಮೈಯನ್ನು ಅಂಕಣವು ಒರೆಗೆ ಹಚ್ಚುತ್ತಿತ್ತು. ಇನ್ನು ಮೇಲೆ ಒರೆಗಲ್ಲು ಕನ್ನಡಿ ಮತ್ತು ಅಳತೆಯ ಪಟ್ಟಿ.

ಅಯ್ಯರ್ ಅವರ ಇನ್ನೊಂದು ಯೋಜನೆ ಅಂಚೆಯ ಮೂಲಕ ಅಂಗಸಾಧನೆಯ ಶಿಕ್ಷಣ. ವ್ಯಾಯಾಮಶಾಲೆಯ ಮುಖವನ್ನೇ ಕಾಣದವನೂ ದೂರದ ಊರಿನಲ್ಲಿ ತನ್ನ ಕೋಣೆಯಲ್ಲಿ ಪಾಠದಂತೆ ಸಾಧನೆ ಮಾಡಬಹುದಾಯಿತು. ಇದು ದೊಡ್ಡ ಸೌಕರ್ಯ. ಜೊತೆಗೆ ಒಂದು ನಷ್ಟವೂ ಹೌದು. ಗರಡಿಯಲ್ಲಿ ಒಬ್ಬನು ಬಾರದಿದ್ದರೆ ಮಟ್ಟಿಯ ಮೇಲೆ ಕಾದಿದ್ದ ಜೊತೆಗಾರನು ಕೇಳುತ್ತಿದ್ದನು. ಅಂಚೆಯ ಗುರುವಿಗೆ ಶಿಷ್ಯನ ಆಲಸ್ಯವು ಕಾಣುವುದಿಲ್ಲ. ಸೂರ್ಯನಮಸ್ಕಾರವನ್ನು ಪ್ರಚಾರಮಾಡಿದ ಔಂಧ್ ಸಂಸ್ಥಾನದ ಅರಸ ಭವಾನರಾವ್ ಪಂತ ಪ್ರತಿನಿಧಿಯವರು (1868-1951) ಈ ತೊಡಕನ್ನು ಬೇರೆ ಬಗೆಯಲ್ಲಿ ಬಿಡಿಸಿದರು. ಮೊದಲು ಸ್ಯಾಂಡೋ ಪದ್ಧತಿಯನ್ನು ಅಭ್ಯಾಸಮಾಡಿ, ಅನಂತರ ನಮಸ್ಕಾರಗಳಿಗೆ ತಿರುಗಿದ ಅವರು ತಮ್ಮ ಸಂಸ್ಥಾನದ ಶಾಲೆಗಳಲ್ಲಿ ಅದನ್ನು ಕಡ್ಡಾಯಗೊಳಿಸಿದರು. ವಿಜಾಪುರದ ಕಡೆಯ ಗುಣದಾಳವೂ ಆ ಸಂಸ್ಥಾನಕ್ಕೆ ಸೇರಿದ್ದುದರಿಂದ ಇದು ಕನ್ನಡ ಭಾಗದ ಚರಿತ್ರೆಗೂ ಸೇರಿದ ವಿಷಯ. ಉಪಕರಣ ಬೇಡ, ಹಣ ಬೇಡ, ಮೈಯುದ್ದ ಜಾಗ ಸಾಕು. ಆದರೆ ನಿತ್ಯವೂ, ಸಾಮೂಹಿಕವಾಗಿ, ಎಣಿಸಿ ಮಾಡಬೇಕು ಎಂಬುದು ಆ ಪದ್ಧತಿಯ ಬಲ.

ತೂಕವೆಂಬ ಸಂಖ್ಯೆಯು ಈ ಚರಿತ್ರೆಯೊಳಗೆ ಬಂದುದು ತಡವಾಗಿ, ಹೊರಗಿನಿಂದ. ಎತ್ತರಕ್ಕೂ ತೂಕಕ್ಕೂ ಇರುವ ಪ್ರಮಾಣವನ್ನು ಬೆಲ್ಜಿಯಮ್ಮಿನ ಕೆಟ್ಲೆ 19ನೆಯ ಶತಮಾನದ ಪೂರ್ವಾರ್ಧದಲ್ಲಿ ಗಣಿಸಿದನು. 1863ರಲ್ಲಿ ಲಂಡನ್ನಿನ ವಿಲಿಯಮ್ ಬ್ಯಾಂಟಿಂಗ್ ಸಕ್ಕರೆ ಪಿಷ್ಟಗಳನ್ನು ಬಿಟ್ಟು ತಾನು ಇಳಿದ ಬಗೆಯನ್ನು ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿದನು. ಮುಂಬಯಿಗೆ ಬಂದ ಕನ್ನಡಿಗನಿಗೆ ತನ್ನ ತೂಕದ ಪರಿಚಯವಾದುದು ಬಹುಶಃ ರೈಲುನಿಲ್ದಾಣದ ಕಟ್ಟೆಯ ಮೇಲಣ ಯಂತ್ರದಿಂದ. ಕಾಸು ಹಾಕಿದರೆ ಹೊರಬೀಳುವ ದಪ್ಪ ಚೀಟಿಯ ಮೇಲೆ ತೂಕವೂ ಭವಿಷ್ಯವೂ ಅಚ್ಚಾಗಿರುತ್ತಿದ್ದುವು. ಆಗ ಹೆಚ್ಚಿನವರು ಓದಿಕೊಳ್ಳುತ್ತಿದ್ದುದು ಭವಿಷ್ಯವನ್ನು.

ಹಾಗಾಗಲು ಕಾರಣವಿತ್ತು. ಮಂಗಳೂರಿನಿಂದ ಹಡಗು ಹತ್ತಿ ಬಂದು ಮುಂಬಯಿಯ ಹೊಟೇಲುಗಳಲ್ಲಿ ಮಾಣಿಗಳಾಗಿ ದುಡಿದು, ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ದಕ್ಷಿಣ ಕನ್ನಡದ ಹುಡುಗರಿಗೆ ನಸುಕಿನಿಂದ ನಡುರಾತ್ರಿಯವರೆಗೆ ಕಾಲಮೇಲೆ ನಿಂತ ಕೆಲಸ. ವ್ಯಾಯಾಮವನ್ನು ಅವರಿಗೆ ಯಾರೂ ಬೋಧಿಸಬೇಕಾಗಿರಲಿಲ್ಲ. ಅವರಲ್ಲಿ ಕೆಲವರು ಗಲ್ಲೆಯ ಮೇಲೆ ಕುಳಿತರು. ಅವರ ಮಕ್ಕಳು ಬ್ಯಾಂಕು, ಕಛೇರಿ, ಕಂಪ್ಯೂಟರುಗಳ ಮುಂದೆ ಕುಳಿತರು. ಕುಳಿತವನ ಹಸಿವು ಶ್ರಮದೊಡನೆ ಕುಗ್ಗುವುದಿಲ್ಲವೆಂಬುದಕ್ಕೆ ಭಾರತದಲ್ಲಿಯೇ ನಡೆದ ಪ್ರಸಿದ್ಧ ಪರಿಶೀಲನೆಯೊಂದಿದೆ. ಜೀನ್ ಮೇಯರ್ ಮತ್ತು ಅವನ ಸಹೋದ್ಯೋಗಿಗಳು 1956ರಲ್ಲಿ ಪ್ರಕಟಿಸಿದ, ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರ 213 ಮಂದಿಯ ಲೆಕ್ಕದಲ್ಲಿ, ಹಗುರವಾದ ದೈಹಿಕ ಕೆಲಸ ಮಾಡುವವರಿಗಿಂತ ಕುಳಿತೇ ಇರುವ ಅಂಗಡಿಕಾರ ಗುಮಾಸ್ತರು ಹೆಚ್ಚು ಉಣ್ಣುತ್ತಿದ್ದರು, ಹೆಚ್ಚು ತೂಗುತ್ತಿದ್ದರು. ಹಸಿವೆಂಬುದು ಶ್ರಮವನ್ನು ಅಳೆದು ಕೇಳುವುದು ದುಡಿಯುವ ಮೈಯಲ್ಲಿ ಮಾತ್ರ.

ಇಷ್ಟಾದರೂ ಪ್ರಶ್ನೆ ಮುಗಿಯದು. ಮಾಣಿಯ ಮೊಮ್ಮಗನು ನೋಟಕ್ಕೆ ದಪ್ಪನಾಗಿಲ್ಲದಿದ್ದರೂ ನಲವತ್ತರೊಳಗೆ ಸಕ್ಕರೆರೋಗಕ್ಕೆ ಗುರಿಯಾಗುವುದೇಕೆ? ಇದಕ್ಕೆ ಉತ್ತರದ ಒಂದು ಭಾಗ ದೊರೆತುದು ಮೈಸೂರಿನಲ್ಲಿ. ಮಿಷನ್ ಆಸ್ಪತ್ರೆಯೆಂದು ಜನ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾಖಲೆಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಹಾಗೆ ಬರೆದಿಟ್ಟ ದಾದಿಯರಿಗೆ ಅದು ದಿನದ ಕರ್ತವ್ಯ. ಅರ್ಧ ಶತಮಾನದ ಬಳಿಕ ಅದು ಅಪೂರ್ವವಾದ ಐತಿಹಾಸಿಕ ಆಕರವಾಯಿತು. 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ರೋಗವಿತ್ತು. ಹೆಚ್ಚು ತೂಕದಿಂದ ಹುಟ್ಟಿದ್ದವರಲ್ಲಿ ಅದು ನೂರಕ್ಕೆ 3ಕ್ಕೆ ಇಳಿದಿತ್ತು. 1997-98ರಲ್ಲಿ ಅದೇ ಆಸ್ಪತ್ರೆಯ ಗರ್ಭಿಣಿಯರಿಂದ ಆರಂಭವಾದ ಪಾರ್ಥೆನಾನ್ ಅಧ್ಯಯನವು ಇನ್ನೂ ವಿಚಿತ್ರವಾದುದನ್ನು ತೋರಿಸಿತು. ಮೈಸೂರಿನ ನವಜಾತ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ಎಲ್ಲ ಅಳತೆಗಳಲ್ಲಿಯೂ ಚಿಕ್ಕವಾಗಿದ್ದರೂ ಬೆನ್ನಿನ ಚರ್ಮದಡಿಯ ಕೊಬ್ಬಿನಲ್ಲಿ ಮಾತ್ರ ಹಿಂದೆ ಬಿದ್ದಿರಲಿಲ್ಲ. ಪುಣೆಯಲ್ಲಿ ಯಾಜ್ಞಿಕರು ಕಂಡುದೂ ಇದನ್ನೇ: ನೋಟಕ್ಕೆ ತೆಳು, ಒಳಗೆ ಕೊಬ್ಬು. ಬೀಜಸ್ವಭಾವವೆಂಬ ಹಳೆಯ ಮಾತಿಗೆ ಇಲ್ಲಿ ಹೊಸ ಅರ್ಥ ಬಂದಿತು. ತಾಯಿಯ ಗರ್ಭದಲ್ಲಿ ಸಿಕ್ಕ ಅಥವಾ ಸಿಗದೆ ಹೋದ ಅನ್ನವೂ ಅದರೊಳಗೆ ಸೇರುತ್ತದೆ.

ಪಾಶ್ಚಾತ್ಯರಿಂದ ಎರವಲು ತಂದ ತೂಕದ ಮಿತಿಯು ನಮ್ಮವರಿಗೆ ಸಲ್ಲದೆಂಬ ತೀರ್ಮಾನ ಇದರಿಂದ ಅನಿವಾರ್ಯವಾಯಿತು. 2009ರಲ್ಲಿ ಭಾರತದ ತಜ್ಞರು ದೇಹತೂಕಸೂಚಿಯು 23ಕ್ಕೆ ಮುಟ್ಟಿದರೆ ಅತಿತೂಕ, 25ಕ್ಕೆ ಸ್ಥೌಲ್ಯ ಎಂದು ಗೊತ್ತುಮಾಡಿ, ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರಿನ ಸೊಂಟದ ಮಿತಿಯನ್ನು ಹೇಳಿದರು. ಅಯ್ಯರ್ ಅವರ ಅಳತೆಯ ಪಟ್ಟಿಯು ಹೀಗೆ ವೈದ್ಯರ ಕೈಗೂ ಬಂದಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 25ಕ್ಕೆ ಮುಟ್ಟಿದವರು ಅಥವಾ ಮೀರಿದವರು ದೇಶದ ಹೆಂಗಸರಲ್ಲಿ ನೂರಕ್ಕೆ 24, ಗಂಡಸರಲ್ಲಿ ನೂರಕ್ಕೆ ಸುಮಾರು 23.

ಎಲ್ಲಕ್ಕಿಂತ ಹೆಚ್ಚು ಚಿಂತನೀಯವಾದುದು ಚೆನ್ನೈಯ ಡಾಕ್ಟರ್ ರಾಮಚಂದ್ರನ್ ಮತ್ತು ಅವರ ಸಂಗಡಿಗರು 2006ರಲ್ಲಿ ಪ್ರಕಟಿಸಿದ ಫಲಿತಾಂಶ. ಸಕ್ಕರೆರೋಗದ ಅಂಚಿನಲ್ಲಿದ್ದ 531 ಮಂದಿಯನ್ನು ಗುಂಪುಗಳಾಗಿ ಮಾಡಿ ಒಂದು ಗುಂಪಿಗೆ ನಡಿಗೆ, ಪಥ್ಯಗಳನ್ನು ಹೇಳಿ, ಬಿಡದೆ ವಿಚಾರಿಸಿಕೊಂಡರು. ಮೂರು ವರ್ಷಗಳಲ್ಲಿ, ಏನನ್ನೂ ವಿಶೇಷವಾಗಿ ಹೇಳದಿದ್ದವರಲ್ಲಿ ನೂರಕ್ಕೆ 55 ಮಂದಿಗೆ ರೋಗ ಬಂದರೆ, ಈ ಗುಂಪಿನಲ್ಲಿ ನೂರಕ್ಕೆ ಸುಮಾರು 39 ಮಂದಿಗೆ ಬಂದಿತು. ಅವರ ತೂಕವು ಮಾತ್ರ ಗಣನೀಯವಾಗಿ ಇಳಿದಿರಲಿಲ್ಲ! ತಕ್ಕಡಿಯ ಮುಳ್ಳು ಕದಲಲಿಲ್ಲವೆಂದು ಎರಡನೆಯ ತಿಂಗಳಿಗೆ ನಡಿಗೆಯನ್ನು ಬಿಟ್ಟವರು ಎಷ್ಟು ದೊಡ್ಡ ಲಾಭವನ್ನು ಕೈಬಿಟ್ಟರೆಂಬುದನ್ನು ಊಹಿಸಬಹುದು. ಇದಕ್ಕೆ ಎದುರಾದ ಇನ್ನೊಂದು ನಿದರ್ಶನ ಹೊಸ ಔಷಧಿಗಳದು. 2025ರ ಮಾರ್ಚಿಯಲ್ಲಿ ಟಿರ್ಜೆಪಟೈಡ್, ಜೂನಿನಲ್ಲಿ ತೂಕ ಇಳಿಸುವುದಕ್ಕಾಗಿಯೇ ತಯಾರಾದ ಸೆಮಗ್ಲುಟೈಡ್ ಭಾರತದ ಮಾರುಕಟ್ಟೆಗೆ ಬಂದುವು. ಸೆಮಗ್ಲುಟೈಡಿನಿಂದ 68 ವಾರಗಳಲ್ಲಿ ಸರಾಸರಿ ನೂರಕ್ಕೆ 15ರಷ್ಟು ತೂಕ ಇಳಿದುದು 2021ರ ಪ್ರಯೋಗದಲ್ಲಿ ಕಂಡಿತ್ತು. ಸ್ಥೂಲರ ಹಸಿವನ್ನೇ ತಣಿಸುವ ಉಪಾಯವು ದೊರೆತುದು ಸಣ್ಣ ಸಂಗತಿಯಲ್ಲ. ಕಷ್ಟದಲ್ಲಿರುವ ರೋಗಿಗೆ ವೈದ್ಯನು ಅದನ್ನು ಕೊಟ್ಟರೆ ಆಕ್ಷೇಪಿಸುವುದು ಅನ್ಯಾಯ. ಆದರೆ ಔಷಧವನ್ನು ನಿಲ್ಲಿಸಿದ ಒಂದು ವರ್ಷದೊಳಗೆ ಇಳಿದುದರಲ್ಲಿ ಮೂರನೆಯ ಎರಡು ಪಾಲು ಮರಳಿ ಬಂದುದೂ ಅದೇ ಪ್ರಯೋಗದ ಮುಂದುವರಿಕೆಯಲ್ಲಿ ದಾಖಲಾಗಿದೆ.

ಸೀವುಡ್ಸಿನ ನಡಿಗೆಯ ಗುಂಪುಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅಲ್ಲಿ ಜೊತೆಗಾರರು ಬಾರದವನನ್ನು ಫೋನು ಮಾಡಿ ಎಬ್ಬಿಸುತ್ತಾರೆ. ಗರಡಿಯ ಮಟ್ಟಿಯ ಮೇಲೆ ಕಾದಿರುತ್ತಿದ್ದವನ ಕೆಲಸವನ್ನು ಅವರು ಮಾಡುತ್ತಾರೆ. ಅವರ ನಡುವೆ ದಾರಾವೆ ಕರಾವೆಗಳ ಹಳೆಯ ಮನೆತನಗಳವರೂ ಉಂಟು. ಗದ್ದೆಯೂ ಉಪ್ಪಿನಾಗರವೂ ನಗರಕ್ಕೆ ಸಂದ ಮೇಲೆ, ಹೊಟೇಲಿನ ಮಾಣಿಯ ಮಕ್ಕಳಿಗೆ ಆದ ಮಾರ್ಪಾಟು ಅವರಿಗೂ ಒಂದೇ ತಲೆಮಾರಿನಲ್ಲಿ ಆಯಿತು. ತುಳುನಾಡಿನವನ ಮನೆಯ ಹುರುಳಿಸಾರಿಗೂ ಕೊಂಕಣದವನ ಕುಳೀಥದ ಪಿಠ್ಲೆಗೂ ಬೇಕಾದ ಧಾನ್ಯ ಒಂದೇ. ಚರಕನ ಪಟ್ಟಿಯಲ್ಲಿರುವುದೂ ಅದೇ. ನೆರೂಳು ಸೀವುಡ್ಸಿನ ದಿನಸಿ ಅಂಗಡಿಗಳಲ್ಲಿ ಅದು ಇಂದಿಗೂ ಅಗ್ಗದ ಕಾಳುಗಳ ಸಾಲಿನಲ್ಲಿ ಸಿಗುತ್ತದೆ.